ಪೂರ್ತಿ ಸೈಜ್ ಕಂಡಿತು ಅಂತ ಡಿಸ್ಕ್ ತುಂಬಿಸಬೇಡಿ

"ಜಿಪಿಟಿ ಮಾಡಿದೆ ಸರ್, ಈಗ ಪೂರ್ತಿ 3 ಟಿಬಿ ತೋರಿಸ್ತಿದೆ. ಎಲ್ಲಾ ಸರಿಹೋಯ್ತು."

ಫೋನಿನಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ತಳಮಳ ಶುರುವಾಗುತ್ತದೆ. ಡಿಸ್ಕಿನ ಜಾಗ ಹೇಗೆ ಹಂಚಿದೆ ಅಂತ ಬರೆದಿಡುವ ಪಟ್ಟಿಗೆ ಪಾರ್ಟಿಷನ್ ಟೇಬಲ್ ಅನ್ನುತ್ತಾರೆ. ಜಿಪಿಟಿ ಅದರ ಹೊಸ ಬಗೆ, ಎಂಬಿಆರ್ ಹಳೆ ಬಗೆ. ಹಳೆ ಕಂಪ್ಯೂಟರಿಗೋ, ಡಿಸ್ಕನ್ನು ಹೊರಗಿನಿಂದ ಜೋಡಿಸುವ ಹಳೆ ಯುಎಸ್‌ಬಿ ಡಾಕ್‌ಗೋ ಹೊಸ ದೊಡ್ಡ ಹಾರ್ಡ್ ಡಿಸ್ಕ್ ಹಾಕಿರುತ್ತಾರೆ. ಸ್ಕ್ರೀನಿನಲ್ಲಿ ನಂಬರ್ ಸರಿಯಾಗಿ ಬಂತು ಅಂದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅವರಲ್ಲಿ ಕೆಲವರು ಒಂದೆರಡು ವರ್ಷ ಬಿಟ್ಟು ಅದೇ ಡಿಸ್ಕ್ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಾರೆ. ಆಗ ಅದು "ಫಾರ್ಮ್ಯಾಟ್ ಮಾಡಬೇಕು" ಅನ್ನುತ್ತಿರುತ್ತದೆ.

ಲೆಕ್ಕ ಇಷ್ಟೇ. ಡಿಸ್ಕಿನಲ್ಲಿ ಜಾಗ ಸಾಮಾನ್ಯವಾಗಿ 512 ಬೈಟಿನ ಸಣ್ಣ ಸಣ್ಣ ಸೆಕ್ಟರ್‌ಗಳಾಗಿ ಹಂಚಿರುತ್ತದೆ. ಪ್ರತಿ ಸೆಕ್ಟರ್‌ಗೂ ಒಂದು ನಂಬರ್. ಆ ನಂಬರ್ ಬರೆಯಲು 32 ಬಿಟ್ ಮಾತ್ರ ಇಟ್ಟರೆ 429 ಕೋಟಿ 49 ಲಕ್ಷ 67 ಸಾವಿರದ 296 ಸೆಕ್ಟರ್‌ಗಳವರೆಗೆ ಎಣಿಸಬಹುದು. ಅಂದರೆ ಸುಮಾರು 2.2 ಟಿಬಿ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದರಿಂದ ಇದನ್ನೇ 2048 ಜಿಬಿ ಅಂತ ತೋರಿಸುತ್ತದೆ.

ಈ 32 ಬಿಟ್ ಒಂದೇ ಕಡೆ ಇಲ್ಲ. ಹಳೆ ಎಂಬಿಆರ್ ಪಾರ್ಟಿಷನ್ ಟೇಬಲ್‌ನಲ್ಲಿ ಇದೆ. ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಹಳೆ ಕಂಟ್ರೋಲರ್ ಚಿಪ್‌ಗಳಲ್ಲಿ, ಅವುಗಳನ್ನು ನಡೆಸುವ ಡ್ರೈವರ್ ಸಾಫ್ಟ್‌ವೇರ್‌ಗಳಲ್ಲಿ ಇದೆ. ಯುಎಸ್‌ಬಿ ಡಾಕ್ ಒಳಗಿನ ಪುಟ್ಟ ಚಿಪ್‌ನಲ್ಲೂ ಇರಬಹುದು. ಜಿಪಿಟಿ ಮಾಡಿದರೆ ಮೊದಲನೆಯದು ಮಾತ್ರ ಸರಿಹೋಗುತ್ತದೆ. ಉಳಿದವು ಹಾಗೇ ಇರುತ್ತವೆ. ಇದನ್ನು ಎಷ್ಟು ಸಲ ಹೇಳಿದ್ದೀನೋ ಲೆಕ್ಕವಿಲ್ಲ.

3 ಟಿಬಿ ಡಿಸ್ಕ್ ಹಾಕಿದಾಗ ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. 2048 ಜಿಬಿ ಒಂದು ತುಂಡು, ಪಕ್ಕದಲ್ಲಿ ಬಳಸಲಾಗದ 746 ಜಿಬಿ ಇನ್ನೊಂದು ತುಂಡು ಕಂಡರೆ ಅದು ಎಂಬಿಆರ್ ಸಮಸ್ಯೆ. ಡಿಸ್ಕ್ ಖಾಲಿ ಇರುವಾಗಲೇ ಜಿಪಿಟಿ ಮಾಡಿಕೊಳ್ಳಿ. ಇಡೀ ಡಿಸ್ಕೇ 746 ಜಿಬಿ ಅಂತ ಕಂಡರೆ ಕಂಟ್ರೋಲರ್ ಅಥವಾ ಡ್ರೈವರ್ ನಂಬರಿನಲ್ಲಿ 32 ಬಿಟ್‌ಗಿಂತ ಮೇಲಿನದನ್ನು ಕತ್ತರಿಸುತ್ತಿದೆ ಅಂತ ಅರ್ಥ. 4 ಟಿಬಿ ಡಿಸ್ಕ್ ಆದರೆ ಇದೇ ಕಾರಣಕ್ಕೆ 1678 ಜಿಬಿ ಕಾಣುತ್ತದೆ. ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರ್ 10.1ಕ್ಕಿಂತ ಹಳೆಯದಿದ್ದರೆ ಹೀಗಾಗುತ್ತದೆ. ಹೊಸದು ಹಾಕಿ, ಮುಗಿಯಿತು. ಆದರೆ ಹಳೆ ಸರ್ವರ್‌ಗಳಲ್ಲಿ ಬರುವ ಎಲ್‌ಎಸ್‌ಐ 1068ಇ ಥರದ ಚಿಪ್‌ಗಳಿಗೆ ಯಾವ ಅಪ್‌ಡೇಟೂ ಇಲ್ಲ. ಮಿತಿ ಚಿಪ್‌ನಲ್ಲೇ ಇದೆ. ಆ ಚಿಪ್ ಇರುವ ಕಾರ್ಡನ್ನೇ ಬದಲಿಸಬೇಕು.

ಇವೆರಡೂ ಕಣ್ಣಿಗೆ ಕಾಣುವ ತೊಂದರೆಗಳು. ನನಗೆ ಭಯ ಇರುವುದು ಮೂರನೆಯದರ ಬಗ್ಗೆ. ಕೆಲವು ಡಾಕ್‌ಗಳು, ಕೆಲವು ಡ್ರೈವರ್‌ಗಳು ಸೈಜ್ ಕೇಳಿದಾಗ ಪೂರ್ತಿ 3 ಟಿಬಿ ಅಂತ ಸರಿಯಾಗಿ ಹೇಳುತ್ತವೆ. ಬರೆಯುವಾಗ ಮಾತ್ರ ನಂಬರನ್ನು 32 ಬಿಟ್‌ಗೆ ಕತ್ತರಿಸುತ್ತವೆ. ಎಲ್ಲಾ ಹಳೆ ಸಾಧನಗಳೂ ಹೀಗೆ ಮಾಡುತ್ತವೆ ಅಂತ ನಾನು ಹೇಳುತ್ತಿಲ್ಲ. ಆದರೆ ಯಾವುದು ಮಾಡುತ್ತದೆ ಅಂತ ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ.

ದೇವಸ್ಥಾನದ ಹೊರಗೆ ಚಪ್ಪಲಿ ಸ್ಟ್ಯಾಂಡ್ ಇರುತ್ತದೆ ಅಲ್ವಾ? ಅಲ್ಲಿ ಇನ್ನೂರು ಗೂಡುಗಳಿವೆ ಅಂದುಕೊಳ್ಳಿ. ಅಲ್ಲಿನ ಹುಡುಗ ಟೋಕನ್‌ನ ಕೊನೆಯ ಎರಡು ಅಂಕಿ ಮಾತ್ರ ಓದುತ್ತಾನೆ. ಮೊದಲ ನೂರು ಜನಕ್ಕೆ ಏನೂ ತೊಂದರೆ ಇಲ್ಲ. ನೀವು ಹೋಗುವಾಗ 105 ಟೋಕನ್ ಸಿಕ್ಕಿತು. ಅವನು ನಿಮ್ಮ ಚಪ್ಪಲಿಯನ್ನು 5ನೇ ಗೂಡಿಗೆ ಹಾಕಿ, ಅಲ್ಲಿದ್ದದ್ದನ್ನು ಎಸೆದ. ದರ್ಶನ ಮುಗಿಸಿ ಬಂದು 105 ಕೊಟ್ಟಿರಿ. ಅವನು ಮತ್ತೆ 5ನೇ ಗೂಡಿಗೇ ಕೈ ಹಾಕಿ ನಿಮ್ಮ ಚಪ್ಪಲಿಯನ್ನೇ ತಂದುಕೊಟ್ಟ. ನೀವು ಖುಷಿಯಾಗಿ ಮನೆಗೆ ಹೋದಿರಿ. ಮೋಸ ಗೊತ್ತಾಗುವುದು 5ನೇ ಟೋಕನ್ನಿನವರು ಬಂದಾಗ.

2.2 ಟಿಬಿ ದಾಟಿದ ಮೇಲೆ ಡಿಸ್ಕಿನಲ್ಲೂ ಹೀಗೇ. ಈಗಷ್ಟೇ ಕಾಪಿ ಮಾಡಿದ ಫೈಲ್ ತೆರೆದು ನೋಡುತ್ತೀರಿ, ಚೆನ್ನಾಗಿ ತೆರೆಯುತ್ತದೆ. ಯಾಕೆಂದರೆ ತಪ್ಪು ಜಾಗದಲ್ಲಿ ಬರೆದದ್ದನ್ನು ಅದೇ ತಪ್ಪು ಜಾಗದಿಂದ ಓದುತ್ತಿದೆ. ಹಾಳಾದದ್ದು ಡಿಸ್ಕಿನ ಶುರುವಿನಲ್ಲಿದ್ದ ಹಳೆಯ ಡೇಟಾ. ಅದರಲ್ಲೂ ಮೊಟ್ಟಮೊದಲು ಇರುವುದೇ ಪಾರ್ಟಿಷನ್ ಟೇಬಲ್.

ನಮ್ಮ ಪಕ್ಕದ ತಾಲ್ಲೂಕಿನ ಮದುವೆ ಫೋಟೋಗ್ರಾಫರ್ ಒಬ್ಬರಿಗೆ ಇದೇ ಆಯಿತು. ತುಂಬಾ ಒಳ್ಳೆ ಮನುಷ್ಯ. ಆಲ್ಬಮ್ ಕೊಟ್ಟು ವರ್ಷಗಳಾದರೂ ಯಾರ ಫೋಟೋವನ್ನೂ ಅಳಿಸುವವರಲ್ಲ. ಎರಡು ವರ್ಷ ಡಾಕ್ ಚೆನ್ನಾಗಿಯೇ ನಡೆದಿತ್ತು. ಒಂದು ಸಂಜೆ ಒಂದು ಮುಹೂರ್ತದ ವಿಡಿಯೋ ಕಾಪಿ ಮಾಡಿ, ಹಾಕಿ ನೋಡಿ, ಮಲಗಿದರು. ಬೆಳಗ್ಗೆ ಡಿಸ್ಕ್ ತೆರೆಯಲಿಲ್ಲ. ಟವೆಲ್‌ನಲ್ಲಿ ಸುತ್ತಿಕೊಂಡು ಬಸ್ ಹತ್ತಿ ಬಂದರು. "ಅಣ್ಣಾ, ಇದರಲ್ಲಿ ನಮ್ಮ ಅಪ್ಪಂದೂ ಇದೆ" ಅಂದರು. ಅವರ ತಂದೆಯ ಕೊನೆಯ ವರ್ಷದ ಫೋಟೋಗಳು.

ಡಿಸ್ಕಿನ ಮೊದಲ ಕೆಲವು ಸೆಕ್ಟರ್‌ಗಳಲ್ಲಿ ಪಾರ್ಟಿಷನ್ ಟೇಬಲ್ ಇರಬೇಕಿತ್ತು. ಅಲ್ಲಿ ಆ ವಿಡಿಯೋದ ತುಣುಕು ಕೂತಿತ್ತು. ವಿಂಡೋಸ್ ಫೈಲುಗಳನ್ನು ಇಡುವ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಫೈಲುಗಳ ಹೆಸರು, ವಿಳಾಸ ಬರೆದಿಡುವ ಪಟ್ಟಿ ಸಾಮಾನ್ಯವಾಗಿ ಪಾರ್ಟಿಷನ್ನಿನ ಶುರುವಿನಿಂದ 3 ಜಿಬಿ ದೂರದಲ್ಲಿ ಇರುತ್ತದೆ. ವಿಡಿಯೋ ಅದಕ್ಕಿಂತ ದೊಡ್ಡದಿತ್ತು. ಹಾಗಾಗಿ ಪಟ್ಟಿಯ ಬಹುಪಾಲು ಹೋಗಿತ್ತು. ಫೋಟೋಗಳು ಬಹಳಷ್ಟು ಸಿಕ್ಕವು, ಆದರೆ ಹೆಸರಿಲ್ಲದೆ, ಫೋಲ್ಡರ್ ಇಲ್ಲದೆ. ಅವರು ಮೂರು ದಿನ ನನ್ನ ಪಕ್ಕದಲ್ಲಿ ಕೂತು, ಛತ್ರದ ಗೋಡೆ ಬಣ್ಣ ನೋಡಿಯೇ ಯಾರ ಮದುವೆ ಅಂತ ಹೇಳಿ ವಿಂಗಡಿಸಿದರು. ತಂದೆಯ ಫೋಟೋಗಳಲ್ಲಿ ಒಂದಷ್ಟು ಶುರುವಿನಲ್ಲೇ ಇದ್ದವು. ಅವು ಸಿಗಲಿಲ್ಲ.

ನಾನು ಇದನ್ನು ನೋಡುತ್ತಿರುವುದು ಎರಡನೇ ಸಲ. ಮೊದಲು 137 ಜಿಬಿ ಹತ್ತಿರ ಇಂಥದ್ದೇ ಗೋಡೆ ಇತ್ತು. ಆಗ ಸೆಕ್ಟರ್ ನಂಬರಿಗೆ 28 ಬಿಟ್ ಇತ್ತು. ಸರ್ವಿಸ್ ಪ್ಯಾಕ್ ಅಪ್‌ಡೇಟ್ ಇಲ್ಲದ ವಿಂಡೋಸ್ ಎಕ್ಸ್‌ಪಿಯಲ್ಲಿ 160 ಜಿಬಿ ಡಿಸ್ಕ್ ಹಾಕಿ ಟ್ಯಾಲಿ ಡೇಟಾ ಕಳೆದುಕೊಂಡ ವ್ಯಾಪಾರಿಗಳು ನನ್ನ ಬಳಿ ಬಂದಿದ್ದರು. ಆಮೇಲೆ ಅದು 48 ಬಿಟ್ ಆಯಿತು. ಅದಕ್ಕೇ ಡಿಸ್ಕ್ ತನ್ನ ಕಡೆಯಿಂದ ಸರಿಯಾಗಿಯೇ ಇರುತ್ತದೆ. ಹಾಳು ಮಾಡುವುದು ನಡುವೆ ಇರುವ ಹಳೆ ಸಾಧನ.

ಹಾಗಾಗಿ ಹೊಸ ಡಿಸ್ಕ್ ಖಾಲಿ ಇರುವಾಗಲೇ, ಯಾವ ಡಾಕ್‌ನಲ್ಲಿ ಬಳಸುತ್ತೀರೋ ಅದರಲ್ಲೇ, ಪೂರ್ತಿ ತುಂಬಿಸಿ ಪರೀಕ್ಷೆ ಮಾಡಿ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಇದೆ. ಎರಡೂ ಉಚಿತ. ಇಡೀ ಡಿಸ್ಕ್ ತುಂಬಿಸಿ, ಆಮೇಲೆ ಮೊದಲಿನಿಂದ ಓದಿ ತಾಳೆ ನೋಡುತ್ತವೆ. ಸುಮ್ನೆ 50 ಜಿಬಿ ಬರೆದು ನೋಡಿದರೆ ಏನೂ ಗೊತ್ತಾಗುವುದಿಲ್ಲ. 2.2 ಟಿಬಿ ದಾಟಲೇಬೇಕು. ಯುಎಸ್‌ಬಿ 2 ಡಾಕ್‌ನಲ್ಲಿ ಸೆಕೆಂಡಿಗೆ 30 ಎಂಬಿ ಬಂದರೆ 3 ಟಿಬಿ ಬರೆಯಲು ಸುಮಾರು 28 ಗಂಟೆ, ಓದಲು ಮತ್ತೆ ಅಷ್ಟೇ. ಜಾಸ್ತಿ ಹೊತ್ತು, ನಿಜ. ಶನಿವಾರ ಬೆಳಗ್ಗೆ ಹಾಕಿಬಿಟ್ಟರೆ ಸೋಮವಾರಕ್ಕೆ ಉತ್ತರ ಸಿಗುತ್ತದೆ. ಒಂದೇ ಒಂದು ತಪ್ಪು ತೋರಿಸಿದರೂ ಆ ಡಾಕ್‌ಗೆ 2 ಟಿಬಿಗಿಂತ ದೊಡ್ಡದನ್ನು ಹಾಕಬೇಡಿ.

ಈಗಾಗಲೇ ಅರ್ಧ ತುಂಬಿದ ಡಿಸ್ಕ್ ಇದ್ದರೆ ಈ ಪರೀಕ್ಷೆ ಮಾಡಲೇಬೇಡಿ. ಮೊದಲು ಬೇರೆ ಕಡೆಗೆ ಕಾಪಿ ತೆಗೆದುಕೊಳ್ಳಿ.

ಇನ್ನೊಂದು ವಿಷಯ. ಕೆಲವು ಹಳೆ ಎಕ್ಸ್‌ಟರ್ನಲ್ ಬಾಕ್ಸ್‌ಗಳು ಎಕ್ಸ್‌ಪಿಗೂ ದೊಡ್ಡ ಡಿಸ್ಕ್ ಪೂರ್ತಿ ಕಾಣಲಿ ಅಂತ ಸೆಕ್ಟರ್ 4096 ಬೈಟ್ ಅಂತ ಹೇಳುತ್ತಿದ್ದವು. ಅದರಿಂದ ಡಿಸ್ಕ್ ಬಿಚ್ಚಿ ನೇರ ಕಂಪ್ಯೂಟರಿಗೆ ಹಾಕಿದರೆ ಖಾಲಿ ಅಂತ ತೋರಿಸಬಹುದು. ಡೇಟಾ ಅಲ್ಲೇ ಇರುತ್ತದೆ. ಇನಿಷಿಯಲೈಸ್, ಫಾರ್ಮ್ಯಾಟ್ ಏನೇ ಕೇಳಿದರೂ ಒತ್ತಬೇಡಿ. ಅದೇ ಬಾಕ್ಸಿಗೆ ವಾಪಸ್ ಹಾಕಿ ನೋಡಿ. ಬಾಕ್ಸ್ ಕೆಟ್ಟಿದ್ದರೆ ಅದನ್ನೂ ಡಿಸ್ಕ್ ಜೊತೆಗೇ ತನ್ನಿ. ಗುಜರಿಗೆ ಹಾಕಬೇಡಿ.