ಬೆಳೆ ಬರುತ್ತಲೇ ಇತ್ತು, ಮಣ್ಣು ಸೋಲುತ್ತಲೇ ಇತ್ತು

ಒಣಗಿದ ಎರಡು ಹೆಂಟೆ ಮಣ್ಣು ತೆಗೆದುಕೊಳ್ಳಿ. ಒಂದು ವರ್ಷಗಟ್ಟಲೆ ಬಿಡದೆ ಉತ್ತ ಹೊಲದ್ದು. ಇನ್ನೊಂದು ಅದೇ ಹೊಲದ ಬದುವಿನದ್ದು, ಹುಲ್ಲು ಬೆಳೆದ ಜಾಗದ್ದು. ಎರಡನ್ನೂ ನೀರು ತುಂಬಿದ ಗಾಜಿನ ಲೋಟಗಳಿಗೆ ಮೆಲ್ಲಗೆ ಇಳಿಸಿ. ಹೊಲದ ಹೆಂಟೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕುಸಿದು ಕೆಸರಾಗುತ್ತದೆ. ಬದುವಿನದ್ದು ಗಟ್ಟಿಯಾಗಿ ನಿಂತಿರುತ್ತದೆ. ಮಣ್ಣಿನ ಜಾತಿ ಒಂದೇ, ಅಲ್ವಾ? ವ್ಯತ್ಯಾಸ ಇರುವುದು ಅಂಟಿನಲ್ಲಿ. ಬೇರು, ಶಿಲೀಂಧ್ರ, ಬ್ಯಾಕ್ಟೀರಿಯಾ, ಎರೆಹುಳು ಎಲ್ಲ ಸೇರಿ ಮಾಡಿದ ಅಂಟು ಅದು. ಅದು ಕಡಿಮೆಯಾದರೆ ಮಳೆ ನೀರು ಇಂಗುವುದಿಲ್ಲ, ಬೇರಿಗೆ ಗಾಳಿ ಸಿಗುವುದಿಲ್ಲ. ಆದರೂ ಬೆಳೆ ಸ್ವಲ್ಪ ಕಾಲ ಬರುತ್ತಲೇ ಇರುತ್ತದೆ. ಅದಕ್ಕೇ ಮಣ್ಣಿನ ಕಾಯಿಲೆ ಯಾವಾಗಲೂ ತಡವಾಗಿ ಗೊತ್ತಾಗುತ್ತದೆ.

ಇದು ಬಹಳ ಹಳೆಯ ಕಥೆ. ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವೆ ಸುಮೇರಿಯನ್ನರು ಕಾಲುವೆ ತೋಡಿ ಬೇಸಾಯ ಮಾಡಿದರು. ನೀರು ಬರಲು ದಾರಿ ಇತ್ತು, ಬಸಿದು ಹೋಗಲು ಸರಿಯಾದ ದಾರಿ ಇರಲಿಲ್ಲ. ಅಂತರ್ಜಲ ಮೇಲೆ ಬಂದು ಆವಿಯಾದಾಗ ಉಪ್ಪು ನೆಲದಲ್ಲೇ ಉಳಿಯಿತು. ಗೋಧಿ ಹಿಂದೆ ಸರಿಯಿತು, ಉಪ್ಪನ್ನು ಜಾಸ್ತಿ ತಡೆಯುವ ಬಾರ್ಲಿ ಅದರ ಜಾಗಕ್ಕೆ ಬಂತು. ಈ ಬದಲಾವಣೆಗೆ ಚೌಳು ಒಂದು ದೊಡ್ಡ ಕಾರಣ ಎನ್ನುವ ವಿದ್ವಾಂಸರಿದ್ದಾರೆ. ಬೆಳೆ ಬದಲಾಯಿಸಿದ್ದರಿಂದ ಹೊಟ್ಟೆಪಾಡು ನಡೆಯಿತು, ನೆಲದ ರೋಗ ವಾಸಿಯಾಗಲಿಲ್ಲ.

1840ರಲ್ಲಿ ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಲೀಬಿಗ್ ಗಿಡಕ್ಕೆ ಯಾವ ಖನಿಜ ಬೇಕು ಎಂದು ವಿವರಿಸಿದರು. ಯಾವ ಪೋಷಕಾಂಶ ತೀರಾ ಕಡಿಮೆ ಇದೆಯೋ ಅದೇ ಬೆಳೆಯ ಮಿತಿ ಎಂಬ ಮಾತು ಅಲ್ಲಿಂದ ಹಬ್ಬಿತು. ಮಾತು ಸರಿಯೇ. ಆದರೆ ಮಣ್ಣು ಎಂದರೆ ಪೋಷಕಾಂಶ ತುಂಬಿಡುವ ಡಬ್ಬಿ ಎಂಬ ಭಾವನೆಯೂ ಅದರ ಜೊತೆಗೇ ಬೆಳೆಯಿತು. 1909ರಲ್ಲಿ ಫ್ರಿಟ್ಜ್ ಹಾಬರ್ ಗಾಳಿಯ ಸಾರಜನಕದಿಂದ ಸಾರಜನಕ ಗೊಬ್ಬರಕ್ಕೆ ಮೂಲವಾದ ಅಮೋನಿಯಾ ಮಾಡಿ ತೋರಿಸಿದರು. 1913ರಲ್ಲಿ ಅದರ ಕಾರ್ಖಾನೆ ಶುರುವಾಯಿತು. ಇಂದು ಜಗತ್ತಿನ ಅರ್ಧದಷ್ಟು ಜನರ ಅನ್ನ ಈ ಗೊಬ್ಬರದ ಮೇಲೆ ನಿಂತಿದೆ ಎಂಬ ಅಂದಾಜಿದೆ. ಹಾಗಾಗಿ ರಸಗೊಬ್ಬರವನ್ನು ಸುಮ್ನೆ ಬೈಯುವುದು ನನಗೆ ಸರಿ ಕಾಣುವುದಿಲ್ಲ.

ಇಂಗ್ಲೆಂಡಿನ ಕೃಷಿ ಸಂಶೋಧನಾ ಕೇಂದ್ರವಾದ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಪ್ರಯೋಗ ನಡೆಯುತ್ತಿದೆ. ಒಂದು ಮಡಿಗೆ ಕೊಟ್ಟಿಗೆ ಗೊಬ್ಬರ, ಇನ್ನು ಕೆಲವಕ್ಕೆ ರಸಗೊಬ್ಬರ, ಮತ್ತೊಂದಕ್ಕೆ ಏನೂ ಇಲ್ಲ. ಸಾಕಷ್ಟು ರಸಗೊಬ್ಬರ ಕೊಟ್ಟ ಮಡಿಯೂ ಕೊಟ್ಟಿಗೆ ಗೊಬ್ಬರದ ಮಡಿಯೂ ಬಹುಕಾಲ ಹೆಚ್ಚುಕಡಿಮೆ ಒಂದೇ ಇಳುವರಿ ಕೊಟ್ಟವು. ಆದರೆ ಮಣ್ಣಿನ ಸಾವಯವ ಇಂಗಾಲ, ಅಂದರೆ ಕೊಳೆತ ಗಿಡ, ಜೀವಿಗಳಿಂದ ಮಣ್ಣಿಗೆ ಸೇರಿದ ಇಂಗಾಲ, ಅಳೆದಾಗ ಕೊಟ್ಟಿಗೆ ಗೊಬ್ಬರದ ಮಡಿಯಲ್ಲಿ ಅದು, ಏನೂ ಹಾಕದ ಮಡಿಯ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಬರೀ ಕಾಳು ತೂಗಿದ್ದರೆ ಇದು ಕಾಣುತ್ತಲೇ ಇರಲಿಲ್ಲ. ಅಲ್ಲೇ ಬಾರ್ಲಿಯ ಒಂದು ಮಡಿಗೆ 1852ರಿಂದ 1871ರವರೆಗೆ ಮಾತ್ರ ಕೊಟ್ಟಿಗೆ ಗೊಬ್ಬರ ಹಾಕಿ ನಿಲ್ಲಿಸಿದರು. ನೂರು ವರ್ಷ ದಾಟಿದ ಮೇಲೂ ಅಲ್ಲಿ ಸಾವಯವ ಅಂಶ, ಎಂದೂ ಗೊಬ್ಬರ ಕಾಣದ ಮಡಿಗಿಂತ ಹೆಚ್ಚೇ ಇತ್ತು. ಇದನ್ನು ನೆನೆದಾಗಲೆಲ್ಲ ನನಗೆ ಬೆರಗಾಗುತ್ತದೆ. ಮಣ್ಣು ಇಷ್ಟು ಕಾಲ ನೆನಪಿಟ್ಟುಕೊಳ್ಳುತ್ತದೆ.

ಅಮೆರಿಕದ ದೊಡ್ಡ ಬಯಲುಗಳಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಸಾವಿರಾರು ವರ್ಷ ಹುಲ್ಲು ಕಟ್ಟಿದ ನೆಲವನ್ನು ಕೆಲವೇ ದಶಕಗಳಲ್ಲಿ ಉತ್ತರು. ಮೊದಲ ವರ್ಷಗಳ ಬೆಳೆ ಚೆನ್ನಾಗಿತ್ತು. ಉಳುಮೆಯಿಂದ ಗಾಳಿ ಒಳಗೆ ಹೋದಾಗ ಸೂಕ್ಷ್ಮಜೀವಿಗಳು ಸಾವಯವ ಅಂಶವನ್ನು ಬೇಗ ಬೇಗ ತಿಂದು ಸಾರಜನಕ ಬಿಡುತ್ತವೆ. ಅದು ನೆಲ ಕೂಡಿಟ್ಟ ಗಂಟು ಕರಗಿಸಿ ಪಡೆದ ಬೆಳೆ. 1930ರ ದಶಕದಲ್ಲಿ ಬರ ಬಂದಾಗ ಮಣ್ಣು ಧೂಳಾಗಿ ಎದ್ದಿತು. 1935ರ ಏಪ್ರಿಲ್ 14ರ ಧೂಳಿನ ಬಿರುಗಾಳಿಯಲ್ಲಿ ಹಗಲೇ ಕತ್ತಲಾಯಿತು. ಅದೇ ತಿಂಗಳು ಅಲ್ಲಿ ಮಣ್ಣು ಸಂರಕ್ಷಣೆಯ ಕಾನೂನು ಬಂತು. ಅದಕ್ಕಾಗಿ ವರ್ಷಗಳಿಂದ ಕೂಗುತ್ತಿದ್ದ ಹ್ಯೂ ಬೆನೆಟ್ ಹೊಸ ಇಲಾಖೆಯ ಮುಖ್ಯಸ್ಥರಾದರು.

ದುರಸ್ತಿಯ ದಾರಿಯನ್ನೂ ಹಲವರು ಹುಡುಕಿದರು. ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1924ರಿಂದ 1931ರವರೆಗೆ ಇಂದೋರ್‌ನಲ್ಲಿ ಕಸಕಡ್ಡಿ, ಸಗಣಿಗಳನ್ನು ಪದರ ಪದರವಾಗಿ ಹಾಕಿ, ತಿರುವಿ ಕಾಂಪೋಸ್ಟ್ ಮಾಡುವ ಕ್ರಮವನ್ನು ತಿದ್ದಿ ರೂಪಿಸಿದರು. 1972ರಲ್ಲಿ ಬ್ರೆಜಿಲ್‌ನ ಪರಾನಾದಲ್ಲಿ ಹರ್ಬರ್ಟ್ ಬಾರ್ಟ್ಜ್ ಎಂಬ ರೈತ ಉಳುಮೆ ಬಿಟ್ಟು, ಹಿಂದಿನ ಬೆಳೆಯ ಕೂಳೆಯ ನಡುವೆಯೇ ಬಿತ್ತಿದರು. ಮಣ್ಣು ಕೊಚ್ಚಿಹೋಗುವುದನ್ನು ತಡೆಯಲು ಇದು ಒಳ್ಳೆಯ ದಾರಿ. ಆದರೆ ಎಷ್ಟೋ ಕಡೆ ಕಳೆನಾಶಕದ ಮೇಲಿನ ಅವಲಂಬನೆಯೂ ಇದರ ಜೊತೆಗೆ ಬಂತು. ಉಳುಮೆ ಬಿಟ್ಟರೆ ಸಾಲದು. ನೆಲದ ಮೇಲೆ ಹೊದಿಕೆ ಇರಬೇಕು, ಬೆಳೆ ಬದಲಾಗುತ್ತಿರಬೇಕು, ವರ್ಷದ ಹೆಚ್ಚು ದಿನ ಜೀವಂತ ಬೇರು ಇರಬೇಕು.

ನಗರದ ಮಣ್ಣಿನ ಕಥೆ ಬೇರೆ. ಕಟ್ಟಡ ಕಟ್ಟುವಾಗ ಮೇಲ್ಮಣ್ಣು ಕೆರೆದು ಒಯ್ಯುತ್ತಾರೆ, ಯಂತ್ರಗಳು ಉಳಿದದ್ದನ್ನು ಒತ್ತಿ ಕಲ್ಲಾಗಿಸುತ್ತವೆ, ಸಿಮೆಂಟ್ ಚೂರು ಸೇರಿ ಕ್ಷಾರ ಹೆಚ್ಚುತ್ತದೆ. ಜೊತೆಗೆ ಸೀಸ ಇದೆ. 1920ರ ದಶಕದಿಂದ ಪೆಟ್ರೋಲ್‌ಗೆ ಸೀಸ ಬೆರೆಸುತ್ತಿದ್ದರು. ವಾಹನಗಳಿಗೆ ಅಂಥ ಪೆಟ್ರೋಲ್ ಮಾರುವುದು ಜಗತ್ತಿನಲ್ಲಿ ಪೂರ್ತಿ ನಿಂತದ್ದು 2021ರಲ್ಲಿ. ಹಳೆಯ ಬಣ್ಣದ ಸಿಪ್ಪೆಯಿಂದಲೂ ಅದು ಬೀಳುತ್ತದೆ. ಸೀಸ ಕೊಳೆಯುವುದಿಲ್ಲ, ಬಿದ್ದಲ್ಲೇ ಉಳಿಯುತ್ತದೆ. ಹಳೆ ಗೋಡೆ ಅಥವಾ ದೊಡ್ಡ ರಸ್ತೆ ಪಕ್ಕದ ಜಾಗವಾದರೆ ಮಣ್ಣು ಪರೀಕ್ಷೆ ಮಾಡಿಸದೆ ಸೊಪ್ಪು, ಗೆಡ್ಡೆ ಬೆಳೆಯಬೇಡಿ. ಸೀಸ ಜಾಸ್ತಿ ಕಂಡರೆ ಶುದ್ಧ ಮಣ್ಣು ತುಂಬಿದ ಎತ್ತರದ ಮಡಿ ಮಾಡಿ, ಬರಿ ನೆಲವನ್ನು ಮುಚ್ಚಿ. ಧೂಳು ಮತ್ತು ಮಣ್ಣಿನ ಕೈಯಿಂದ ಮಕ್ಕಳ ಬಾಯಿಗೆ ಹೋಗುವ ಸೀಸವೇ ಹೆಚ್ಚು ಅಪಾಯದ್ದು.

ಕಾಂಪೋಸ್ಟ್ ವಿಷಯದಲ್ಲೂ ಒಂದು ಮಾತು. ಪ್ರೀತಿಯಿಂದ ವರ್ಷ ವರ್ಷ ರಾಶಿ ಸುರಿದ ಕೈತೋಟಗಳಲ್ಲಿ ರಂಜಕ ಬೇಕಾದ್ದಕ್ಕಿಂತ ಎಷ್ಟೋ ಜಾಸ್ತಿ ಸೇರುತ್ತದೆ, ಮಳೆಯಲ್ಲಿ ತೊಳೆದು ಕೆರೆಗಳಿಗೆ ಹೋಗುತ್ತದೆ. ಮಣ್ಣು ಹದಕ್ಕೆ ಬಂದ ಮೇಲೆ ವರ್ಷಕ್ಕೊಮ್ಮೆ ತೆಳುವಾಗಿ ಹರಡಿದರೆ ಸಾಕು, ಒಳಗೆ ಎಳೆದುಕೊಂಡು ಹೋಗಲು ಎರೆಹುಳುಗಳಿವೆ.