ಕೊಚ್ಚಿಯ ಯಹೂದಿ ಹೆಂಗಸರಿಗೆ ಹೀಬ್ರೂ ಬರ್ತಿರಲಿಲ್ವಾ?

ಓದುಗರ ಪ್ರಶ್ನೆ: ಕೇರಳದ ಯಹೂದಿ ಹೆಂಗಸರು ಮಲಯಾಳಂನಲ್ಲಿ ಹಾಡುತ್ತಿದ್ದರು ಅಂತೀರಿ. ಅವರಿಗೆ ಹೀಬ್ರೂ ಕಲಿಸುತ್ತಿರಲಿಲ್ಲ, ಅದಕ್ಕೇ ಅಲ್ವಾ?

ಅಲ್ಲ. ಈ ಹಾಡುಗಳ ಮಾತು ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಕೇಳುವವರ ಮೇಲೆ ನನಗೆ ಬೇಸರ ಇಲ್ಲ. ಆದರೆ ಪ್ರಶ್ನೆಯ ಒಳಗೆ ಕೂತಿರುವ ನಂಬಿಕೆ ಮಾತ್ರ ಎಷ್ಟು ಸಲ ಎಬ್ಬಿಸಿದರೂ ಏಳುವುದಿಲ್ಲ. ಈ ಸಲ ಪೂರ್ತಿ ಬಿಡಿಸಿ ಬರೆಯುತ್ತೇನೆ.

ಆ ನಂಬಿಕೆ ಹೀಗಿದೆ. ಹೀಬ್ರೂ ಪೂಜೆಯ ಭಾಷೆ, ಗಂಡಸರ ಭಾಷೆ. ಹೆಂಗಸರು ಅಡುಗೆಮನೆಯಲ್ಲೇ ಉಳಿದರು, ಅದಕ್ಕೇ ಮನೆಮಾತಿನಲ್ಲಿ ಏನೋ ಹಾಡಿಕೊಂಡರು. ಕೇಳಲು ಸರಿ ಅನ್ನಿಸುತ್ತದೆ. ಯುರೋಪಿನ ಕೆಲವು ಯಹೂದಿ ಊರುಗಳ ಚಿತ್ರ ನಮ್ಮ ತಲೆಯಲ್ಲಿರುತ್ತದೆ, ಅದನ್ನೇ ತಂದು ಕೊಚ್ಚಿಯ ಮೇಲೆ ಅಂಟಿಸುತ್ತೇವೆ.

ಕೊಚ್ಚಿ ಸೀಮೆಯಲ್ಲಿ ಒಟ್ಟು ಎಂಟು ಯಹೂದಿ ಸಭೆಗಳಿದ್ದವು. ಮಟ್ಟಾಂಚೇರಿಯಲ್ಲಿ ಮೂರು, ಎರ್ನಾಕುಲಂನಲ್ಲಿ ಎರಡು, ಪರವೂರು, ಚೇಂದಮಂಗಲಂ, ಮಾಳದಲ್ಲಿ ಒಂದೊಂದು. ಪ್ರವಾಸಿಗರು ನೋಡಿ ಬರುವ 1568ರ ಪರದೇಶಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಅವುಗಳಲ್ಲಿ ಒಂದು ಸಭೆಯದು ಮಾತ್ರ. ಈ ಸಭೆಗಳಲ್ಲಿ ಮಕ್ಕಳ ಪಾಠ ಸಿನಗಾಗಿನ ಮಾಳಿಗೆಯಲ್ಲೇ ನಡೆಯುತ್ತಿತ್ತು. ಹುಡುಗರ ಜೊತೆ ಹುಡುಗಿಯರೂ ಹೀಬ್ರೂ ಅಕ್ಷರ ತಿದ್ದಿದರು, ಪ್ರಾರ್ಥನೆ ಓದಲು ಕಲಿತರು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ನಲ್ಲಿ ಊಟಕ್ಕೆ ಕೂತಾಗ ಹೀಬ್ರೂ ಹಾಡುಗಳನ್ನು ಗಂಡಸರ ಜೊತೆ ದನಿಗೂಡಿಸಿ ಹಾಡುತ್ತಿದ್ದರು. ಪರಗಂಡಸರ ಕಿವಿಗೆ ಹೆಣ್ಣಿನ ದನಿ ಬೀಳಬಾರದು ಅನ್ನುವ ಕಟ್ಟಳೆ ಬೇರೆ ಕಡೆ ಇದೆ, ನಿಜ. ಕೇರಳದಲ್ಲಿ ಅದು ನಡೆಯಲಿಲ್ಲ. ಮದುವೆ ಮನೆಯಲ್ಲಿ ಹೆಂಗಸರು ಎಲ್ಲರೆದುರೇ ಹಾಡುತ್ತಿದ್ದರು, ಕೈಕೊಟ್ಟಿಕ್ಕಳಿಯ ಹಾಗೆ ಸುತ್ತು ಕಟ್ಟಿ ಚಪ್ಪಾಳೆ ತಟ್ಟಿ ಕುಣಿಯುತ್ತಿದ್ದರು.

ಇಷ್ಟಕ್ಕೂ ನಂಬದವರಿಗೆ ನಾನು ಕಟ್ಟಡವನ್ನೇ ತೋರಿಸುತ್ತೇನೆ. ಚೇಂದಮಂಗಲಂನ ಸಿನಗಾಗ್ ಈಗ ಮ್ಯೂಸಿಯಂ. ಒಳಗೆ ಹೋಗಿ ನಡುವೆ ನಿಂತರೆ ಟೋರಾ, ಅಂದರೆ ಯಹೂದಿಗಳ ಧರ್ಮಗ್ರಂಥ ಓದುವ ಕಟ್ಟೆ ಕಾಣುತ್ತದೆ. ಅದನ್ನು ತೇವಾ ಅನ್ನುತ್ತಾರೆ. ಇಂಥ ಕಟ್ಟೆ ಯಾವ ದೇಶದ ಸಿನಗಾಗಿನಲ್ಲಾದರೂ ಇರುತ್ತದೆ. ಈಗ ತಲೆ ಎತ್ತಿ ನೋಡಿ. ಮಾಳಿಗೆಯ ಅಂಚಿನಲ್ಲಿ ಇನ್ನೊಂದು ತೇವಾ ಇದೆ. ಅದರ ಹಿಂದೆಯೇ ಮರದ ಜಾಲರಿ. ಜಾಲರಿಯ ಆಚೆ ಹೆಂಗಸರು ಕೂರುವ ಜಾಗ. ವಿಶೇಷ ದಿನಗಳಲ್ಲಿ ಗ್ರಂಥವನ್ನು ಮೇಲಕ್ಕೆ ಒಯ್ದು ಅಲ್ಲೇ ಓದುತ್ತಿದ್ದರು. ಅಂದರೆ ಓದುವವನ ಉಸಿರು ಕೇಳುವಷ್ಟು ಹತ್ತಿರ ಹೆಂಗಸರೇ ಇರುತ್ತಿದ್ದರು, ಗಂಡಸರು ಕೆಳಗೆ. ಈ ಎರಡು ತೇವಾಗಳ ಕ್ರಮ ಕೇರಳದ ಸಿನಗಾಗುಗಳ ಗುರುತು. ಹೆಂಗಸರನ್ನು ದೂರ ಇಡಬೇಕು ಅಂತ ಕಟ್ಟಿದ ಮನೆ ಹೀಗಿರುತ್ತಾ?

ಇದೇ ಸಿನಗಾಗಿನ ಅಂಗಳದಲ್ಲಿ ಒಂದು ಸಮಾಧಿ ಕಲ್ಲಿದೆ. ಅದರ ಮೇಲಿನ ಹೀಬ್ರೂ ಬರಹ 1269ನೇ ಇಸವಿಯದು. ಅದೂ ಒಬ್ಬ ಹೆಂಗಸಿನದೇ. ಹೆಸರು ಸಾರಾ, ಇಸ್ರಾಯೇಲನ ಮಗಳು.

ಹಾಗಾದರೆ ಮಲಯಾಳಂ ಯಾಕೆ? ಅದು ಅವರ ತಾಯಿನುಡಿ, ಅಷ್ಟೇ. ಮದುಮಗಳಿಗೆ ತಾಳಿ ಕಟ್ಟುವ ಪದ್ಧತಿ ಇದ್ದ ಜನ ಅವರು. ಸಂಸ್ಕೃತದ ಶ್ಲೋಕ ಬಾಯಿಪಾಠ ಇರುವ ನಮ್ಮ ಅಜ್ಜಿಯರು ಹಸೆಗೆ ಕರೆಯುವಾಗ ಕನ್ನಡದಲ್ಲೇ ಹಾಡುತ್ತಾರೆ, ಅಲ್ವಾ? ಅದನ್ನು ನೋಡಿ ಯಾರೂ ‘ಪಾಪ, ಶ್ಲೋಕ ಬರಲ್ಲ’ ಅನ್ನುವುದಿಲ್ಲ.

ಆ ಹಾಡುಗಳು ಸುಮ್ನೆ ಹೊತ್ತು ಕಳೆಯಲು ಹಾಡಿದವೂ ಅಲ್ಲ. ಮಗುವಿಗೆ ಅಬ್ರಹಾಮನ ಕಥೆ, ಜೋಸೆಫನ ಕಥೆ, ಮೋಶೆಯ ಕಥೆ ಗೊತ್ತಾಗುತ್ತಿದ್ದದ್ದು ಇವುಗಳಿಂದ. ಬೈಬಲಿನ ಮೂಲದಲ್ಲಿ ಇಲ್ಲದ, ಹಳೆಯ ರಬ್ಬಿಗಳು, ಅಂದರೆ ಯಹೂದಿ ಧರ್ಮಗುರುಗಳು ಹೇಳಿದ ಕಥೆಗಳೂ ಅವುಗಳಲ್ಲಿ ಸಿಗುತ್ತವೆ. ಏನೂ ತಿಳಿಯದವರು ಕಟ್ಟಿದ ಹಾಡಿನಲ್ಲಿ ಅವು ಬರುವುದಾದರೂ ಹೇಗೆ? ಇನ್ನು ಕೆಲವು ಹಾಡುಗಳು ಊರಿನ ಚರಿತ್ರೆ ಹೇಳುತ್ತವೆ. ಎವರಾಯಿ ಅನ್ನುವವನು ಜೆರುಸಲೇಮಿನಿಂದ ಹೊರಟು, ದೇಶ ದಾಟಿ ಕೇರಳಕ್ಕೆ ಬಂದ ಕಥೆಯ ಹಾಡು ಅಂಥದ್ದು. ಸಿನಗಾಗ್ ಕಟ್ಟಿದ ಸಂಭ್ರಮದ ಹಾಡುಗಳಿವೆ. ಗಿಳಿಯನ್ನು ಕರೆದು ಮಾತಾಡಿಸುವ ಹಾಡುಗಳಿವೆ. ಗಿಳಿಯ ಬಾಯಲ್ಲಿ ಹಾಡಿಸುವುದು ಮಲಯಾಳಂ ಕಾವ್ಯದ ಹಳೆಯ ರೂಢಿ, ಅದು ಇವರ ಮನೆಗೂ ಬಂದಿತ್ತು.

ಇವೆಲ್ಲ ಉಳಿದದ್ದು ನೋಟುಪುಸ್ತಕಗಳಲ್ಲಿ. ಹೆಂಗಸರು ಮಲಯಾಳಂ ಅಕ್ಷರದಲ್ಲಿ ಕೈಯಿಂದ ಬರೆದರು. ತಾಯಿಯ ಪುಸ್ತಕ ನೋಡಿ ಮಗಳು, ಅತ್ತೆಯ ಪುಸ್ತಕ ನೋಡಿ ಸೊಸೆ ಇಳಿಸಿಕೊಂಡರು. ಒಂದೇ ಹಾಡು ಒಂದು ಊರಿನಲ್ಲಿ ಒಂದು ಥರ, ಇನ್ನೊಂದು ಊರಿನಲ್ಲಿ ಇನ್ನೊಂದು ಥರ ಇರುತ್ತದೆ. 1950ರ ದಶಕದಲ್ಲಿ ಈ ಜನರಲ್ಲಿ ಹೆಚ್ಚಿನವರು ಇಸ್ರೇಲಿಗೆ ಹೋದರು. ಕಟ್ಟಡ ಹೊರಲು ಆಗಲಿಲ್ಲ, ನೋಟುಪುಸ್ತಕ ಪೆಟ್ಟಿಗೆಗೆ ಬಿತ್ತು. 1970ರ ದಶಕದಲ್ಲಿ ಸಂಶೋಧಕರು ಹುಡುಕಿಕೊಂಡು ಹೋದಾಗ ಸುಮಾರು 300 ಹಾಡು ಸಿಕ್ಕವು. ಮಟ್ಟಾಂಚೇರಿಯಲ್ಲಿ 1912ರಲ್ಲಿ ಹುಟ್ಟಿ 1951ರಲ್ಲಿ ಇಸ್ರೇಲಿಗೆ ಹೋದ ರೂಬಿ ಡೇನಿಯಲ್, ವಯಸ್ಸಾದ ಮೇಲೆ ಕೂತು ಇವುಗಳಲ್ಲಿ ನೂರಕ್ಕೂ ಜಾಸ್ತಿ ಹಾಡುಗಳನ್ನು ಇಂಗ್ಲಿಷಿಗೆ ತಂದರು. ಅಲ್ಲೇ ಹುಟ್ಟಿದ ಮಕ್ಕಳಿಗೆ ಈಗ ಮಲಯಾಳಂ ಓದಲು ಬರುವುದಿಲ್ಲ. ಅವರು ಅಜ್ಜಿಯ ಹಾಡನ್ನು ಹೀಬ್ರೂ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಾರೆ! ಹೀಬ್ರೂ ಬಾರದ್ದಕ್ಕೆ ಮಲಯಾಳಂ ಅಂದವರು ಇದಕ್ಕೆ ಏನು ಹೇಳುತ್ತಾರೆ?

ಯಾರೂ ಕೇಳದ ಒಂದು ಮಾತು ಹೇಳಿಬಿಡುತ್ತೇನೆ, ಈ ಪುಸ್ತಕಗಳ ಬೆಲೆ ನನಗೆ ಗೊತ್ತಾದದ್ದು ಕೊಚ್ಚಿಯಿಂದಲ್ಲ, ನಮ್ಮ ಮಂಗಳೂರಿನಿಂದ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಅಲ್ಲಿ ಹತ್ತಾರು ವರ್ಷ ಇದ್ದ. ಟ್ಯುನೀಶಿಯಾ ಕಡೆಯವನು. ಅವನ ಕಾಗದಗಳು ಕೈರೋದ ಹಳೆಯ ಸಿನಗಾಗಿನ ಕೋಣೆಯಲ್ಲಿ ಸಿಕ್ಕವು. ಅದರಲ್ಲಿ ಕಬ್ಬಿಣದ ಲೆಕ್ಕ ಇದೆ, ಮೆಣಸಿನ ಲೆಕ್ಕ ಇದೆ, ಅಡಿಕೆಯ ಲೆಕ್ಕ ಇದೆ. ಅವನೇ ಬರೆದ ಹೀಬ್ರೂ ಪದ್ಯಗಳೂ ಇವೆ. 1132ರಲ್ಲಿ ಅವನು ಮಂಗಳೂರಿನಲ್ಲಿ ಆಶು ಅನ್ನುವ ದಾಸಿಯನ್ನು ಬಿಡುಗಡೆ ಮಾಡಿದ ಪತ್ರ ಇದೆ. ಆಕೆಯೇ ಅವನ ಮಕ್ಕಳ ತಾಯಿ ಅಂತ ವಿದ್ವಾಂಸರು ಹೇಳುತ್ತಾರೆ. ಮಗ ಸುರೂರ್. ಮಗಳನ್ನು ಸಿತ್ ಅಲ್‌ದಾರ್ ಅಂತ ಕರೆಯುತ್ತಿದ್ದರು. 1149ರಲ್ಲಿ ತಂದೆ ಮಕ್ಕಳನ್ನು ಕರೆದುಕೊಂಡು ಯೆಮನ್ನಿನ ಬಂದರು ಏಡನ್ನಿಗೆ ಹೊರಟ. ಮುಂದೆ ಆ ಹುಡುಗಿಗೆ ದೊಡ್ಡಪ್ಪ-ಚಿಕ್ಕಪ್ಪನ ಮಗನ ಜೊತೆಯೇ ಈಜಿಪ್ಟಿನಲ್ಲಿ ಮದುವೆಯಾಯಿತು.

ತಂದೆ ಎಷ್ಟು ಅಡಿಕೆ ಕಳಿಸಿದ ಅಂತ ಇವತ್ತಿಗೂ ಎಣಿಸಿ ಹೇಳಬಹುದು. ಆಶು ಮಕ್ಕಳಿಗೆ ಹೇಳಿಕೊಟ್ಟ ಒಂದು ಸಾಲೂ ಆ ಕಾಗದಗಳಲ್ಲಿ ಇಲ್ಲ. ಅವಳ ಕೈಯಲ್ಲಿ ನೋಟುಪುಸ್ತಕ ಇರಲಿಲ್ಲ.