6 ಊರ ಕೋಳಿ ಇವೆ, ಹೆಚ್ಚಿಸುವುದು ಹೇಗೆ?

ಪ್ರಶ್ನೆ: ಬ್ರಹ್ಮಾವರದ ಹತ್ತಿರ ನಮ್ಮ ಮನೆ. ಹಿತ್ತಲು, ಸ್ವಲ್ಪ ಅಡಿಕೆ ತೋಟ ಇದೆ. 6 ಊರ ಹೇಂಟೆ, 1 ಹುಂಜ ಸಾಕಿದ್ದೇವೆ. ಮನೆಗೆ ಮೊಟ್ಟೆ, ಆಗಾಗ ಸುಕ್ಕಕ್ಕೆ ಕೋಳಿ, ಕೇಳಿದವರಿಗೆ ಕೊಡಲು ಮರಿ, ಮೂರೂ ಆಗುವ ಹಾಗೆ ಹೆಚ್ಚಿಸಬೇಕು. 50 ಗಿರಿರಾಜ ಮರಿ ತಂದು ಇವುಗಳ ಜೊತೆ ಬಿಟ್ಟರೆ ಆಗುತ್ತದಾ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಗಿರಿರಾಜ ಒಳ್ಳೆಯ ತಳಿಯೇ. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲಿಗೆಂದೇ ಬೆಳೆಸಿದ ಕೋಳಿ ಅದು. ಆದರೆ ಅದರ ಮೈ ಭಾರ, ಮೇವು ಜಾಸ್ತಿ ಬೇಕು, ನಾಯಿ ಬಂದರೆ ಊರ ಕೋಳಿಯಷ್ಟು ಬೇಗ ಹಾರಿ ತಪ್ಪಿಸಿಕೊಳ್ಳುವುದಿಲ್ಲ. ಕಾವಿಗೆ ಕೂರುವ ಬುದ್ಧಿಯೂ ಕಡಿಮೆ. ಅದರ ಮೊಟ್ಟೆಯಿಂದ ಮರಿ ಮಾಡಿದರೆ ತಾಯಿ ತಂದೆಯ ಗುಣ ಹಾಗೆಯೇ ಬರುವುದಿಲ್ಲ. ಅಂದರೆ ಪ್ರತಿ ಸಲ ಮರಿ ಕೊಂಡೇ ತರಬೇಕು. ನಿಮಗೆ ಬೇಕಾದದ್ದು ತಾನಾಗಿ ಬೆಳೆಯುವ ಗುಂಪು ಅಲ್ವಾ? ಅದಕ್ಕೆ ಬೇಕಾದ ಬಂಡವಾಳ ಆಗಲೇ ನಿಮ್ಮ ಅಂಗಳದಲ್ಲಿದೆ. ನಿಮ್ಮ 6 ಹೇಂಟೆಗಳೇ ಸಾಕು.

ಒಂದು ಊರ ಹೇಂಟೆ ವರ್ಷಕ್ಕೆ ಸುಮಾರು 60ರಿಂದ 80 ಮೊಟ್ಟೆ ಇಡುತ್ತದೆ. ಮೂರು ನಾಲ್ಕು ಸಲ ಕಾವಿಗೆ ಕೂರಲು ನೋಡುತ್ತದೆ. ಅಷ್ಟಿದ್ದೂ ಎಷ್ಟೋ ಮನೆಗಳಲ್ಲಿ ವರ್ಷ ಕಳೆದರೂ ಕೋಳಿಗಳ ಸಂಖ್ಯೆ ಏರುವುದಿಲ್ಲ. ಮೊಟ್ಟೆ ಒಡೆದು ಮರಿ ಬರುತ್ತವೆ, ಆದರೆ ಮೊದಲ 8 ವಾರದಲ್ಲಿ ಒಂದೊಂದಾಗಿ ಮಾಯವಾಗುತ್ತವೆ. ಕಾಗೆ, ಗಿಡುಗ, ಕೀರಿ, ಕೇರೆ ಹಾವು, ಮಳೆ, ರಾಣಿಖೇತ್ ರೋಗ. ಆ 8 ವಾರ ಮರಿಗಳನ್ನು ಉಳಿಸಿಕೊಂಡರೆ ಗುಂಪು ಬೆಳೆಯುತ್ತದೆ. ನಿಮ್ಮ ದುಡ್ಡು, ಗಮನ ಎರಡೂ ಮೊದಲು ಅಲ್ಲಿಗೆ ಹೋಗಲಿ.

ಕಾವಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಮಳೆಯಲ್ಲಿ ಮರಿ ಸಾಕುವುದು ಬಹಳ ಕಷ್ಟ. ನೆಲ ಒಣಗುವುದೇ ಇಲ್ಲ. ಹಸಿ ನೆಲದಲ್ಲಿ ಮರಿಗಳಿಗೆ ರಕ್ತಭೇದಿ ಶುರುವಾಗುತ್ತದೆ. ಸೆಪ್ಟೆಂಬರ್ ಕೊನೆಗೆ ಕೂರಿಸಿ. 21 ದಿನಕ್ಕೆ, ಅಂದರೆ ಅಕ್ಟೋಬರ್ ಮೂರನೇ ವಾರದ ಹೊತ್ತಿಗೆ ಮರಿ ಬರುತ್ತವೆ. ಚಳಿಗಾಲದ ಒಣ ದಿನಗಳಲ್ಲಿ ಚೆನ್ನಾಗಿ ಬೆಳೆಯುತ್ತವೆ. ಜನವರಿಯಲ್ಲಿ ಇನ್ನೊಂದು ಸುತ್ತು ಕೂರಿಸಬಹುದು.

ಕೂರಿಸುವ ಮೊಟ್ಟೆ ಹಳತಾಗಬಾರದು. ಸುಮಾರು 20 ಡಿಗ್ರಿ ದಾಟಿದರೆ ಮೊಟ್ಟೆಯೊಳಗಿನ ಜೀವ ನಿಧಾನಕ್ಕೆ ಬೆಳೆಯಲು ಶುರು ಮಾಡಿ, ಅರ್ಧಕ್ಕೆ ಕೆಡುತ್ತದೆ. ನಮ್ಮ ಊರಿನಲ್ಲಿ ಮನೆಯ ಒಳಗೂ ಅದಕ್ಕಿಂತ ಬಿಸಿ. ಹಾಗಾಗಿ 5 ದಿನಕ್ಕಿಂತ ಹಳೆಯದು ಕಾವಿಗೆ ಬೇಡ, ಸಾರಿಗೆ ಹಾಕಿ. ಉಳಿದದ್ದನ್ನು ಚೂಪು ತುದಿ ಕೆಳಗೆ ಮಾಡಿ ಮಡಕೆಯಲ್ಲಿಡಿ. ಆ ಮಡಕೆ ಒದ್ದೆ ಮರಳಿನ ಮೇಲೆ, ನೆರಳಿನಲ್ಲಿ ಇರಲಿ. ಪ್ರತಿ ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಬರೆಯಿರಿ.

ಎರಡು ಹೇಂಟೆಗಳನ್ನು ಒಂದೇ ದಿನ ಕೂರಿಸಿ. ಒಂದೊಂದಕ್ಕೆ 10 ಮೊಟ್ಟೆ. ಕೂರಿಸುವ ಮೊದಲು ರೆಕ್ಕೆ ಎತ್ತಿ ಹೇನು ಇದೆಯಾ ನೋಡಿ. ಹೇನು ಕಚ್ಚಿದರೆ ಹೇಂಟೆ ಕಾವು ಬಿಟ್ಟು ಎದ್ದು ಹೋಗುತ್ತದೆ. ದಿನಕ್ಕೊಮ್ಮೆ ಎದ್ದು ತಿಂದು, ನೀರು ಕುಡಿದು ಬರಲು ದಾರಿ ಇರಲಿ. ಏಳನೇ ರಾತ್ರಿ ಟಾರ್ಚ್ ಹಿಡಿದು ಮೊಟ್ಟೆ ನೋಡಿ. ಒಳಗೆ ಕೆಂಪು ನರ ಕಾಣಿಸಿದರೆ ಸರಿ. ತಿಳಿಯಾಗಿಯೇ ಇದ್ದರೆ ತೆಗೆದುಬಿಡಿ. ಮರಿ ಬಂದ ಮೇಲೆ ರಾತ್ರಿ ಹೊತ್ತು ಎರಡೂ ಗುಂಪಿನ ಮರಿಗಳನ್ನು ಒಂದೇ ಹೇಂಟೆಯ ರೆಕ್ಕೆಯಡಿ ಸೇರಿಸಿ. ಕತ್ತಲಲ್ಲಿ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಸುಮಾರು 15 ಮರಿಗಳನ್ನು ಒಂದು ಹೇಂಟೆ ನೋಡಿಕೊಳ್ಳುತ್ತದೆ. ಇನ್ನೊಂದು ಹೇಂಟೆ ಕೆಲವೇ ವಾರದಲ್ಲಿ ಮತ್ತೆ ಮೊಟ್ಟೆಗೆ ಬರುತ್ತದೆ.

15ರಲ್ಲಿ 12 ಉಳಿದವು ಅಂತ ಇಟ್ಟುಕೊಳ್ಳಿ. ಅರ್ಧ ಹೇಂಟೆ, ಅರ್ಧ ಹುಂಜ. ಎರಡು ಸುತ್ತಿಗೆ 12 ಹೊಸ ಹೇಂಟೆ, 12 ಹುಂಜ. ನಿಮ್ಮ ಮಾಂಸದ ಕೋಳಿ ಈ ಹುಂಜಗಳೇ. ಬೇರೆ ಸಾಕುವ ಅಗತ್ಯವೇ ಇಲ್ಲ. ಅಕ್ಟೋಬರ್ ಮರಿ ಮಾರ್ಚ್ ಏಪ್ರಿಲ್‌ಗೆ ಕೊಡಲು ತಯಾರಾಗುತ್ತದೆ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಮೊದಲು ನೇಮ (ದೈವದ ಕೋಲ), ಅಗೆಲು (ದೈವಕ್ಕೆ ಬಡಿಸುವುದು) ಎಂದು ಊರ ಕೋಳಿ ಹುಡುಕುವವರು ಇರುತ್ತಾರೆ. ಬೆಲೆಯೂ ಸಿಗುತ್ತದೆ. ಮಳೆಗಾಲಕ್ಕೆ ಮೊದಲು ಹೆಚ್ಚಿನ ಹುಂಜಗಳನ್ನು ಕಳಿಸಿಬಿಡಿ, ಇಲ್ಲದಿದ್ದರೆ ಗೂಡಿನಲ್ಲಿ ಬರೀ ಜಗಳ.

ಇನ್ನು ಆ 8 ವಾರ. ಮರಿಗಳನ್ನು ತಾಯಿ ಸಮೇತ ಬಲೆ ಹಾಕಿದ ಗೂಡಿನಲ್ಲೇ ಇಡಿ, ಅಂಗಳಕ್ಕೆ ಬಿಡಬೇಡಿ. ನಮ್ಮಲ್ಲಿ ಮರಿಗೆ ನುಚ್ಚು ಹಾಕಿ ಬಿಡುವುದು ರೂಢಿ. ನುಚ್ಚಿನಲ್ಲಿ ಪ್ರೋಟೀನ್ ನೂರಕ್ಕೆ 7-8 ಭಾಗ ಮಾತ್ರ. ಮರಿಗೆ ಬೇಕಾದದ್ದು 20ರ ಹತ್ತಿರ. ಈ 8 ವಾರಕ್ಕೆ ಚಿಕ್ ಸ್ಟಾರ್ಟರ್ ಆಹಾರ ತನ್ನಿ, ಖರ್ಚು ವ್ಯರ್ಥವಾಗುವುದಿಲ್ಲ. ಮೊಟ್ಟೆ ಕೋಳಿಯ ಆಹಾರವನ್ನು ಮರಿಗೆ ಹಾಕಬೇಡಿ. ಅದರಲ್ಲಿರುವ ಜಾಸ್ತಿ ಸುಣ್ಣದಂಶ ಮರಿಯ ಮೂತ್ರಪಿಂಡ ಕೆಡಿಸುತ್ತದೆ. ದೊಡ್ಡವಕ್ಕೆ ತೋಟದ ಹುಳ, ಗೆದ್ದಲು, ತೌಡು, ತೆಂಗಿನ ಹಿಂಡಿ, ಅನ್ನ ಎಲ್ಲ ನಡೆಯುತ್ತದೆ. ಮೊಟ್ಟೆಯ ಸಿಪ್ಪೆ ತೆಳ್ಳಗಿದ್ದರೆ ಮರುವಾಯಿ ಎಂಬ ಕಪ್ಪೆಚಿಪ್ಪನ್ನು ತೊಳೆದು, ಒಣಗಿಸಿ, ಕುಟ್ಟಿ ಬೇರೆ ಬಟ್ಟಲಲ್ಲಿ ಇಡಿ. ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ. ಮೀನಿನ ತಲೆ ಬೇಯಿಸಿ ಸ್ವಲ್ಪ ಕೊಡಬಹುದು, ಜಾಸ್ತಿಯಾದರೆ ಮೊಟ್ಟೆಗೆ ಮೀನಿನ ವಾಸನೆ ಬರುತ್ತದೆ. ಉಪ್ಪು ಹಾಕಿದ ಒಣಮೀನು ಮಾತ್ರ ಬೇಡವೇ ಬೇಡ, ಜಾಸ್ತಿ ಉಪ್ಪು ಕೋಳಿಗೆ ವಿಷ.

ಗೂಡು ನೆಲದಿಂದ 2-3 ಅಡಿ ಎತ್ತರ ಇರಲಿ. ಅಡಿಕೆ ಸಲಾಕೆಯ ತಳ ಹಾಕಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಮಳೆಗಾಲದಲ್ಲೂ ಗಾಳಿಯಾಡುತ್ತದೆ. ಮರಿ ಇರುವ ಕಡೆ ಕಾಲು ಸಿಕ್ಕಿಕೊಳ್ಳದ ಹಾಗೆ ತಳಕ್ಕೆ ಹಳೆ ಗೋಣಿ, ಅದರ ಮೇಲೆ ಒಣ ಉಮಿ ಹಾಕಿ. ಒಂದು ದೊಡ್ಡ ಕೋಳಿಗೆ 2 ಚದರ ಅಡಿ ಲೆಕ್ಕ. 20 ಕೋಳಿಗೆ 5 ಅಡಿ ಅಗಲ, 8 ಅಡಿ ಉದ್ದದ ಗೂಡು ಸಾಕು. ಕೆಂಪು ಕಲ್ಲಿನಲ್ಲಿ ಗೋಡೆ ಕಟ್ಟುವುದಾದರೆ ಒಳಗೆ ಗಾರೆ ಮಾಡಿ ಸುಣ್ಣ ಬಳಿಯಿರಿ. ಕಲ್ಲಿನ ತೂತುಗಳಲ್ಲಿ ಉಣ್ಣೆ, ನುಸಿ ಅಡಗಿ ಕೂರುತ್ತವೆ. ಬಲೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಆಗಲಿ. ದೊಡ್ಡ ಕಣ್ಣಿನ ಬಲೆಯಲ್ಲಿ ಹಾವು ಸುಲಭವಾಗಿ ನುಗ್ಗುತ್ತದೆ. ಹೆಬ್ಬಾವು ಬಂದರೆ ಹೊಡೆಯಬೇಡಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ರಕ್ಷಿತ ಪ್ರಾಣಿ. ಅರಣ್ಯ ಇಲಾಖೆಗೆ ಫೋನ್ ಮಾಡಿ.

ಲಸಿಕೆಯ ವಿಷಯದಲ್ಲಿ ನಾನು ಸ್ವಲ್ಪ ಹಟ ಮಾಡುತ್ತೇನೆ. ಊರ ಕೋಳಿಗೆ ರೋಗ ಬರುವುದಿಲ್ಲ ಅನ್ನುವ ಮಾತು ಸುಳ್ಳು. ರಾಣಿಖೇತ್ ಹೊಕ್ಕರೆ ಕೆಲವೇ ದಿನದಲ್ಲಿ ಗೂಡು ಖಾಲಿ. ಹಸಿರು ಹಿಕ್ಕೆ, ಏದುಸಿರು, ಕತ್ತು ತಿರುಚುವುದು ಅದರ ಲಕ್ಷಣ. ಬಂದ ಮೇಲೆ ಮದ್ದಿಲ್ಲ. ಮರಿಗೆ 5ರಿಂದ 7ನೇ ದಿನದೊಳಗೆ ರಾಣಿಖೇತ್ ತಡೆಯುವ ಲಸೋಟ ಲಸಿಕೆಯ ಒಂದು ಹನಿ ಕಣ್ಣಿಗೆ, 14ನೇ ದಿನ ಗಂಬೋರೊ ಎಂಬ ಇನ್ನೊಂದು ರೋಗದ ಲಸಿಕೆ, 28ನೇ ದಿನ ಮತ್ತೆ ಲಸೋಟ, 6ನೇ ವಾರಕ್ಕೆ ಸಿಡುಬಿನದ್ದು, 8-10ನೇ ವಾರಕ್ಕೆ ಮತ್ತೆ ರಾಣಿಖೇತ್‌ಗೆಂದೇ ಆರ್‌2ಬಿ ಚುಚ್ಚುಮದ್ದು. ತೊಂದರೆ ಏನೆಂದರೆ ಲಸಿಕೆಯ ಸಣ್ಣ ಸೀಸೆಯೇ 100 ಕೋಳಿಗೆ ಆಗುವಷ್ಟು ಇರುತ್ತದೆ. ಕರಗಿಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ದಿನ ಹಾಕಿಸಿ. ತರುವಾಗ ಐಸ್ ಜೊತೆಗೇ ತನ್ನಿ, ಬಿಸಿಲಲ್ಲಿ ತಂದ ಲಸಿಕೆ ಹಾಕಿಯೂ ಹಾಕದ ಹಾಗೆ. ಹತ್ತಿರದ ಪಶು ಆಸ್ಪತ್ರೆಯಲ್ಲಿ ಕೇಳಿ. ಬ್ರಹ್ಮಾವರದಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ. ಮಂಗಳೂರು ಕಡೆಯವರಿಗೆ ಕಂಕನಾಡಿಯಲ್ಲಿದೆ.

ದಿನಾ ಮೊಟ್ಟೆ ಬೇಕೇ ಬೇಕು ಅಂತಾದರೆ 4-5 ಗ್ರಾಮಪ್ರಿಯ ಹೇಂಟೆಗಳನ್ನು ಬೇರೆ ಗೂಡಿನಲ್ಲಿ ಸಾಕಿ. ಹೈದರಾಬಾದಿನ ಕೇಂದ್ರ ಸರ್ಕಾರದ ಕೋಳಿ ಸಂಶೋಧನಾ ಸಂಸ್ಥೆಯ ತಳಿ ಅದು, ಊರ ಕೋಳಿಯ ಎರಡರಷ್ಟಾದರೂ ಮೊಟ್ಟೆ ಇಡುತ್ತದೆ. ಅದರ ಮೊಟ್ಟೆ ಅಡುಗೆಗೆ ಸಾಕು, ಕಾವಿಗೆ ಬೇಡ. ಆಗ ಊರ ಹೇಂಟೆಗಳ ಮೊಟ್ಟೆ ಪೂರ್ತಿ ಮರಿಗೆ ಉಳಿಯುತ್ತದೆ.

ಕೊನೆಗೆ ಹುಂಜ. ಒಂದು ಹುಂಜ 8-10 ಹೇಂಟೆಗೆ ಸಾಲುತ್ತದೆ. ಮುಂದಿನ ವರ್ಷ ನಿಮ್ಮಲ್ಲಿ 18 ಹೇಂಟೆ ಆದಾಗ ಎರಡು ಬೇಕು. ಆದರೆ ಹೊಸ ಹೇಂಟೆಗಳೆಲ್ಲ ಈಗಿನ ಹುಂಜದ ಮಕ್ಕಳು. ಅದನ್ನೇ ಮುಂದುವರಿಸಿದರೆ ಮರಿ ಒಡೆಯುವುದು ಕಡಿಮೆಯಾಗುತ್ತಾ, ಮರಿಗಳು ಸಣ್ಣಗಾಗುತ್ತಾ ಬರುತ್ತವೆ. ಕೋಳಿ ಅಂಕದಲ್ಲಿ ಕಾದಾಡುವ ಹುಂಜ ನೋಡಲು ಚೆಂದ, ಆದರೆ ಅದರ ಹೆಣ್ಣು ಮರಿಗಳು ಮೊಟ್ಟೆ ಕಡಿಮೆ ಇಡುತ್ತವೆ, ಕಚ್ಚಾಟವೂ ಜಾಸ್ತಿ. ಸಂತೆಯಿಂದ ಹುಂಜ ತಂದರೆ ಜೊತೆಗೆ ರೋಗವೂ ಬರಬಹುದು. ನಾನಾದರೆ ನಾಲ್ಕು ಊರು ಆಚೆಯ ನಂಟರ ಮನೆಯಿಂದ ಕಾವಿಗೆ 10 ಮೊಟ್ಟೆ ತರುತ್ತೇನೆ, ನಮ್ಮದು 10 ಕೊಡುತ್ತೇನೆ. ಆ ಮರಿಗಳ ಕಾಲಿಗೆ ಬಣ್ಣದ ದಾರ ಕಟ್ಟಿ, ಬೆಳೆದಂತೆ ದಾರ ಬದಲಿಸಿ. ಅದರಲ್ಲಿ ಒಳ್ಳೆಯ ಹುಂಜ ಎರಡನ್ನು ಇಟ್ಟುಕೊಳ್ಳಿ. ಹಳೆಯ ಹುಂಜ ತೆಗೆದು 3 ವಾರ ಕಳೆದ ಮೇಲೆ ಇಟ್ಟ ಮೊಟ್ಟೆಯನ್ನೇ ಕಾವಿಗೆ ಆರಿಸಿ. ಅದಕ್ಕಿಂತ ಮೊದಲಿನವು ಹಳೆಯ ಹುಂಜದ್ದೇ ಆಗಿರಬಹುದು.